ಹಾಡಿನೊಳಗಿನ ಹಾವು

ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಸತ್ಯವೇದ, ಸಂಗೀತ ಪುಸ್ತಕ, ಅಜ್ಜನ ಕನ್ನಡಕ ಇವುಗಳ ಅಡಿಯಲ್ಲಿ ತೆಳ್ಳಗಿನ ಒಂದು ಚಿತ್ರಪುಸ್ತಕ ಇರುತ್ತಿತ್ತು. ರಟ್ಟು ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಹೃದಯದ ಪುಸ್ತಕ ಅನ್ನುತ್ತಿದ್ದರು. ಮೊದಲ ಚಿತ್ರದಲ್ಲಿ ಮೇಲೆ ಒಬ್ಬ ಮನುಷ್ಯನ ಮುಖ, ಅದರ ಕೆಳಗೆ ದೊಡ್ಡದೊಂದು ಹೃದಯ, ಹೃದಯದ ತುಂಬ ಪ್ರಾಣಿಗಳು. ನವಿಲು ಅಹಂಕಾರ, ಹುಲಿ ಕೋಪ, ಹಂದಿ ಹೊಟ್ಟೆಬಾಕತನ, ಆಮೆ ಸೋಮಾರಿತನ, ಆಡು ಕಾಮ, ಕಪ್ಪೆ ಹಣದಾಸೆ, ಹಾವು ಹೊಟ್ಟೆಕಿಚ್ಚು. ನಡುವೆ ಸೈತಾನ ಮನೆಯ ಯಜಮಾನನಂತೆ ಕೂತಿದ್ದ. ಪುಟ ತಿರುಗಿಸುತ್ತ ಹೋದರೆ ಒಳಗೆ ಬೆಳಕು ಬೀಳುತ್ತದೆ, ಪ್ರಾಣಿಗಳು ಹೊರಗೋಡುತ್ತವೆ, ಹೃದಯ ದೇವರ ಆಲಯವಾಗುತ್ತದೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಹೃದಯ ಮೆಲ್ಲಗೆ ತಣ್ಣಗಾಗಿ, ಓಡಿಹೋದವೆಲ್ಲ ತಿರುಗಿ ಬರುವ ಚಿತ್ರವೂ ಮುಂದೆ ಇತ್ತು. ನಾವು ಮಕ್ಕಳು ಮೊದಲ ಚಿತ್ರಕ್ಕಿಂತ ಆ ಚಿತ್ರಕ್ಕೇ ಹೆಚ್ಚು ಹೆದರುತ್ತಿದ್ದೆವು.

ಆ ಪುಸ್ತಕವನ್ನು ಮಾಡಿದವರು ಯೊಹಾನೆಸ್ ಗೋಸ್ನರ್ ಎಂದು ತಿಳಿದದ್ದು ನಾನು ದೊಡ್ಡವಳಾದ ಮೇಲೆ. 1773ರಲ್ಲಿ ಬವೇರಿಯದಲ್ಲಿ ಹುಟ್ಟಿ, ಕಥೋಲಿಕ ಗುರುಗಳಾಗಿದ್ದು, ಆಮೇಲೆ ಪ್ರಾಟೆಸ್ಟಂಟ್ ಸಭೆಗೆ ಸೇರಿದವರು. ಹಳೆಯ ಕಥೋಲಿಕ ಚಿತ್ರಪುಸ್ತಕವೊಂದನ್ನು ಆಧರಿಸಿ 1812ರಲ್ಲಿ ಇದನ್ನು ಹೊರತಂದರು. 1845ರಲ್ಲಿ ರಾಂಚಿಗೆ ಬಂದ ಮಿಶನರಿಗಳನ್ನು ಕಳುಹಿಸಿದವರೂ ಅವರೇ. ನಮ್ಮ ಕರಾವಳಿಗೆ ಬಾಸೆಲ್ ಮಿಶನ್ ಬಂದದ್ದು 1834ರಲ್ಲಿ. ಅದರ ಮಿಶನರಿಗಳಲ್ಲಿ ಹಲವರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು. ಬಾಯಿಪಾಠದ ನಂಬಿಕೆ ಸಾಲದು, ಹೃದಯ ತಿರುಗಬೇಕು ಅನ್ನುವುದು ಅವರ ಹಟ. ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆ, ಮುದ್ರಣಾಲಯ ಇವುಗಳ ಜೊತೆಗೆ ಆ ಹಟವನ್ನೂ ಅವರು ನಮ್ಮ ಹಿರಿಯರಿಗೆ ಬಿಟ್ಟುಹೋದರು. ನನ್ನ ಅಜ್ಜಿಗೆ ಓದು ಅಷ್ಟಕ್ಕಷ್ಟೇ. ಆದರೂ ಕರ್ತನ ಭೋಜನದ ಹಿಂದಿನ ಶನಿವಾರ ಸಂಜೆ ಅವರು ಯಾರ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. "ಒಳಗೆ ಗುಡಿಸಲಿಕ್ಕಿದೆ" ಅನ್ನುತ್ತಿದ್ದರು.

ಕದಿಯಬೇಡ, ಸುಳ್ಳು ಹೇಳಬೇಡ ಎಂಬ ಆಜ್ಞೆಗಳು ಸಂಡೇ ಸ್ಕೂಲಿನ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತವೆ. ಕದ್ದರೆ ಕೈಯಲ್ಲಿ ಪೇರಳೆ ಹಣ್ಣು ಇರುತ್ತದೆ. ಯೇಸುಸ್ವಾಮಿ ಬೆಟ್ಟದ ಮೇಲೆ ಕೂತು ಹೇಳಿದ ಮಾತುಗಳು ಹಾಗಲ್ಲ. ಕೊಲೆಯ ಮೂಲಕ್ಕೆ ಹೋಗಿ ಅವನು ಸಿಟ್ಟನ್ನು ತೋರಿಸಿದ, ವ್ಯಭಿಚಾರದ ಮೂಲಕ್ಕೆ ಹೋಗಿ ಕಣ್ಣಿನ ನೋಟವನ್ನು ತೋರಿಸಿದ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ, ಮನುಷ್ಯನನ್ನು ಹೊಲೆಮಾಡುವುದು ಹೊರಗಿನಿಂದ ಒಳಗೆ ಹೋಗುವ ಊಟವಲ್ಲ, ಒಳಗಿನಿಂದ ಹೊರಗೆ ಬರುವಂಥದ್ದು ಎಂದು ಹೇಳಿ ಒಂದು ಉದ್ದದ ಪಟ್ಟಿಯನ್ನೇ ಕೊಟ್ಟ. ಕೊಲೆ, ಕಳ್ಳತನಗಳಂಥ ದೊಡ್ಡವುಗಳ ಸಾಲಿನಲ್ಲೇ ಹೊಟ್ಟೆಕಿಚ್ಚು, ಸೊಕ್ಕು ಕೂಡ ಇವೆ. ಪೊಲೀಸರು ಹಿಡಿಯುವ ಪಾಪ, ಯಾರೂ ಹಿಡಿಯದ ಪಾಪ ಎಂಬ ಭೇದ ಆ ಪಟ್ಟಿಯಲ್ಲಿಲ್ಲ. ಇದನ್ನು ನಾನು ಎಷ್ಟೋ ಸಲ ಓದಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ.

ಯಾರೂ ಹಿಡಿಯದ ಇಂಥ ಪಾಪವನ್ನು ಒಬ್ಬರು ತಮ್ಮೊಳಗೇ ಗುರುತು ಹಿಡಿಯುವುದನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಅಪ್ಪನಲ್ಲಿ. ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಬೆಳೆಹಬ್ಬ. ಬಾಳೆಗೊನೆ, ಸೌತೆಕಾಯಿ, ತೆಂಗಿನಕಾಯಿ, ಊರ ಕೋಳಿ, ಮೊಟ್ಟೆ, ಹಲಸಿನ ಹಪ್ಪಳ, ಸುವರ್ಣಗಡ್ಡೆ, ಹೊಸ ಅಕ್ಕಿ, ಮನೆಯಲ್ಲಿ ಮಾಡಿದ ಕೇಕು, ಯಾರಿಗೆ ಏನು ಸಾಧ್ಯವೋ ಅದನ್ನು ತಂದು ಯಜ್ಞವೇದಿಯ ಎದುರು ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಆ ಏಲಂ ನನಗೆ ಈಗಲೂ ಇಷ್ಟ. ಬಡವರ ಮನೆಯ ನಾಲ್ಕು ಮೊಟ್ಟೆ ಪೇಟೆಯ ಬೆಲೆಗಿಂತ ಎಷ್ಟೋ ಹೆಚ್ಚಿಗೆ ಹೋಗಿ, ತಂದವರ ಮುಖ ಅರಳುವುದನ್ನು ನೋಡಬೇಕು. ದೇವಾಲಯದ ಮಾಡಿನ ಹೆಂಚು, ಬೆಂಚು, ಬಡ ಮಕ್ಕಳ ಶಾಲೆಯ ಫೀಸು, ಹೀಗೆ ಎಷ್ಟೋ ಖರ್ಚು ಅದರಿಂದ ನಡೆದಿದೆ. ಅಂಥ ಒಳ್ಳೆಯದರ ನಡುವೆಯೇ ನವಿಲು ಕೂಡ ಗರಿ ಬಿಚ್ಚುತ್ತದೆ ಎಂದು ಹೇಳಿಕೊಟ್ಟದ್ದು ಅಪ್ಪ.

ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಕೈಯಲ್ಲಿ ಹೆಚ್ಚು ಹಣ ಇರುತ್ತಿರಲಿಲ್ಲ. ಆ ವರ್ಷ ಓವರ್‌ಟೈಮಿನ ದುಡ್ಡು ಬಂದಿತ್ತು. ಒಂದು ಬಾಳೆಗೊನೆಗೆ ಅವರೂ ನಮ್ಮ ಸಭೆಯ ಒಬ್ಬ ಅನುಕೂಲಸ್ಥರೂ ಪೈಪೋಟಿಗೆ ಬಿದ್ದರು. ಅವರು ಏರಿಸಿದರೆ ಇವರು, ಇವರು ಏರಿಸಿದರೆ ಅವರು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಗೊನೆ ನಮಗೇ ಆಯಿತು. ತಮ್ಮ ಕುಣಿದುಕೊಂಡು ಗೊನೆಯ ಹಿಂದೆ ಬಂದ. ಅಪ್ಪ ದಾರಿಯುದ್ದಕ್ಕೂ ಮಾತಿಲ್ಲ. ಗದ್ದೆಯ ಹುಣಿ ದಾಟುವಾಗ ಅಮ್ಮನಿಗೆ ಹೇಳಿದರು: "ಕೊನೆಯ ಎರಡು ಸಲ ಕೂಗಿದ್ದು ದೇವರಿಗಲ್ಲ ಮಾರಾಯ್ತಿ. ನನ್ನ ಸ್ವರ ನನಗೇ ಬೇರೆಯಾಗಿ ಕೇಳಿಸಿತು."

ಅಮ್ಮ, "ಹಣ ಹೋದದ್ದು ದೇವರ ಪೆಟ್ಟಿಗೆಗೆ ಅಲ್ವಾ" ಅಂದರು.

"ಹಣ ಹೋಯಿತು. ನಾನು ಹೋಗಲಿಲ್ಲ" ಅಂದರು ಅಪ್ಪ.

ಮುಂದಿನ ವರ್ಷದಿಂದ ಅವರು ಏಲಂನಲ್ಲಿ ಕೂಗಲಿಲ್ಲ. ಅಷ್ಟೇ ಹಣವನ್ನು ಹೆಸರಿಲ್ಲದ ಕವರಿನಲ್ಲಿಟ್ಟು ಕಾಣಿಕೆಯ ಚೀಲಕ್ಕೆ ಹಾಕುತ್ತಿದ್ದರು. ಹಾಗಂತ ಕೂಗುವವರನ್ನು ಆಡಿಕೊಳ್ಳಲೂ ಇಲ್ಲ. ಅಂಗಳದ ಬದಿಯಲ್ಲಿ ನಿಂತು ಮನಸಾರೆ ಚಪ್ಪಾಳೆ ತಟ್ಟುತ್ತಿದ್ದರು. ಈ ಎರಡನೆಯದರ ಬೆಲೆ ನನಗೆ ಆಗ ಗೊತ್ತಾಗಲಿಲ್ಲ. ಕೂಗುವುದನ್ನು ಬಿಟ್ಟವನಿಗೆ, ಕೂಗದೆ ಇರುವ ತನ್ನ ಮೇಲೇ ಅಭಿಮಾನ ಹುಟ್ಟುವುದು ಎಷ್ಟು ಸುಲಭ! ಅಪ್ಪ ಅದಕ್ಕೂ ಜಾಗ ಕೊಡಲಿಲ್ಲ.

ನನ್ನ ಪಾಲಿಗೆ ಬಂದದ್ದು ನವಿಲಲ್ಲ, ಹಾವು.

ನಾನು ಚಿಕ್ಕಂದಿನಿಂದ ಗಾಯನ ಮಂಡಳಿಯಲ್ಲಿ ಹಾಡಿದವಳು. ಕ್ರಿಸ್ಮಸ್ ಹಿಂದಿನ ಕ್ಯಾರೊಲ್ ಆರಾಧನೆಯಲ್ಲಿ ಒಬ್ಬರೇ ಹಾಡುವ ಒಂದು ಚರಣ ಇರುತ್ತದೆ. ದೀಪಗಳನ್ನೆಲ್ಲ ಆರಿಸಿ, ಮೋಂಬತ್ತಿಯ ಬೆಳಕಿನಲ್ಲಿ ಹಾಡುವುದು. ಆ ಚರಣ ವರ್ಷಗಟ್ಟಲೆ ನನ್ನದಾಗಿತ್ತು. ಯಾರೂ ಬರೆದುಕೊಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಆಗ ಧಾರವಾಡದ ಕಡೆಯಿಂದ ನಮ್ಮ ಸಭೆಯ ಒಂದು ಮನೆಗೆ ಸೊಸೆ ಬಂದಳು. ಬಾಸೆಲ್ ಮಿಶನ್ ಮಂಗಳೂರಿನ ನಂತರ ಬೇಗನೆ ಕೆಲಸ ಶುರುಮಾಡಿದ ಊರುಗಳಲ್ಲಿ ಧಾರವಾಡ, ಹುಬ್ಬಳ್ಳಿಗಳೂ ಇವೆ. ಹಾಗಾಗಿ ನಮ್ಮ ಎರಡೂ ಕಡೆಗಳ ನಡುವೆ ಸಂಬಂಧ ಬೆಳೆಸುವುದು ಹೊಸದಲ್ಲ. ಹುಡುಗಿ ಮೆಲುಮಾತಿನವಳು. ಅಭ್ಯಾಸಕ್ಕೆ ಬಂದ ಮೊದಲ ದಿನ ನನ್ನ ಪಕ್ಕ ಕೂತು, "ಅಕ್ಕಾರ, ಇಲ್ಲಿ ಉಸಿರು ಹೆಂಗ ತಗೋಬೇಕ್ರಿ?" ಎಂದು ಕೇಳಿದಳು. ನಾನು ಹೇಳಿಕೊಟ್ಟೆ. ಆಮೇಲೆ ಅವಳು ಹಾಡಿದಳು. ಅಂಥ ಸ್ವರ ನಮ್ಮ ದೇವಾಲಯದಲ್ಲಿ ನಾನು ಅಲ್ಲಿಯತನಕ ಕೇಳಿರಲಿಲ್ಲ. ಆ ವರ್ಷದ ಚರಣವನ್ನು ಮಂಡಳಿಯ ಮೇಷ್ಟ್ರು ಅವಳಿಗೆ ಕೊಟ್ಟರು.

ನನಗೆ ಸಿಟ್ಟು ಬಂತೇ? ಇಲ್ಲ. ಮುಖ್ಯವಾದ ವಿಷಯ ಇದೇ. ಸಿಟ್ಟು ಬಂದಿದ್ದರೆ ಹುಲಿ ಬಂತು ಎಂದು ಗುರುತು ಹಿಡಿಯುತ್ತಿದ್ದೆ. "ಒಳ್ಳೆಯದಾಯಿತು, ಹೊಸಬರಿಗೆ ಅವಕಾಶ ಸಿಗಬೇಕು" ಅಂದೆ, ಮತ್ತು ಹಾಗೆ ಅಂದದ್ದಕ್ಕೆ ನನ್ನ ಬಗ್ಗೆ ನನಗೇ ಸಂತೋಷವಾಯಿತು. ಆಮೇಲಿನ ದಿನಗಳಲ್ಲಿ ಅವಳ ಒಂದೊಂದೇ ವಿಷಯ ಕಣ್ಣಿಗೆ ಬೀಳತೊಡಗಿತು. ಅಭ್ಯಾಸಕ್ಕೆ ತಡವಾಗಿ ಬರುತ್ತಾಳೆ. ಪ್ರಸಂಗದ ಹೊತ್ತಿಗೆ ಮಗು ಅಳುತ್ತದೆಂದು ಹೊರಗೆ ಹೋಗುತ್ತಾಳೆ. ಬುಧವಾರದ ಪ್ರಾರ್ಥನಾ ಕೂಟಕ್ಕೆ ಕಾಣುವುದಿಲ್ಲ. ಸ್ವರ ಇದ್ದರೆ ಸಾಕೇ, ಭಕ್ತಿ ಬೇಡವೇ? ದೇವರ ಆರಾಧನೆಯೇ ಹೊರತು ಕಚೇರಿಯಲ್ಲವಲ್ಲ? ಈ ಪ್ರಶ್ನೆಗಳೆಲ್ಲ ಎಷ್ಟು ಶುದ್ಧವಾಗಿ ಕಾಣುತ್ತಿದ್ದವೆಂದರೆ, ಸಭೆಯ ಬಗ್ಗೆ ನನಗಿರುವ ಕಾಳಜಿ ಇದು ಎಂದೇ ನಂಬಿದ್ದೆ. ಅಜ್ಜಿಯ ಪುಸ್ತಕದಲ್ಲಿ ಹಾವು ಹಾವಿನ ಹಾಗೆಯೇ ಇತ್ತು. ನನ್ನೊಳಗಿನದು ಸಭೆಯ ಹಿರಿಯಳ ಸೀರೆ ಉಟ್ಟುಕೊಂಡು ಬಂದಿತ್ತು.

ಒಂದು ದಿನ ಸ್ತ್ರೀಯರ ಕೂಟದಲ್ಲಿ, ಪ್ರಾರ್ಥನೆಯ ಅಗತ್ಯಗಳನ್ನು ಹೇಳುವ ಹೊತ್ತಿಗೆ, "ಆ ಮನೆಯ ಸೊಸೆಗಾಗಿ ಪ್ರಾರ್ಥನೆ ಮಾಡಬೇಕು, ಪಾಪ, ದೇವರ ವಿಷಯದಲ್ಲಿ ಅಷ್ಟು ಮನಸ್ಸಿಲ್ಲ" ಎಂದೆ. ಸುತ್ತ ಕೂತವರು ತಲೆಯಾಡಿಸಿದರು. ಇಬ್ಬರು ಮೂವರು ತಾವು ಕಂಡದ್ದನ್ನೂ ಸೇರಿಸಿದರು. ಸಭೆಗಳಲ್ಲಿ ಚಾಡಿ ಚಾಡಿಯ ರೂಪದಲ್ಲಿ ಬರುವುದು ಕಡಿಮೆ. ಬರುವುದಿದ್ದರೆ ಹೀಗೆ, ತಲೆಬಾಗಿ, ಕಣ್ಮುಚ್ಚಿ, ಪ್ರಾರ್ಥನೆಯ ವಿನಂತಿಯಾಗಿ ಬರುತ್ತದೆ. ಕೂಟ ಮುಗಿದ ಮೇಲೆ ಒಬ್ಬ ಗೆಳತಿ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಹೆಚ್ಚು ಮಾತಿನವಳಲ್ಲ. "ಆ ಹುಡುಗಿಗಾಗಿ ನೀನು ಮನೆಯಲ್ಲಿ ಪ್ರಾರ್ಥನೆ ಮಾಡಿದ್ದಿಯಾ?" ಎಂದು ಕೇಳಿದಳು. ನನಗೆ ಉತ್ತರ ಹೊರಡಲಿಲ್ಲ. ಒಮ್ಮೆಯೂ ಮಾಡಿರಲಿಲ್ಲ. ಬಸ್ಸು ಬಂತು, ಅವಳು ಹೋದಳು.

ಆ ರಾತ್ರಿ ನಾನು ತೆರೆದದ್ದು ಮೊದಲನೆಯ ಸಮುವೇಲದ 18ನೆಯ ಅಧ್ಯಾಯ. ಫಿಲಿಷ್ಟಿಯನನ್ನು ಕೊಂದು ದಾವೀದ ಹಿಂತಿರುಗುವಾಗ ಊರೂರಿನ ಹೆಂಗಸರು ದಮ್ಮಡಿ ಬಾರಿಸಿಕೊಂಡು ಹಾಡುತ್ತ ಬರುತ್ತಾರೆ. ಹಾಡಿನಲ್ಲಿ ಸೌಲನಿಗೆ ಸಾವಿರ, ದಾವೀದನಿಗೆ ಹತ್ತು ಸಾವಿರ. ಅಂದಿನಿಂದ ಸೌಲ ದಾವೀದನನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ. ಮಾರನೆಯ ದಿನ ಕಿನ್ನರಿ ಬಾರಿಸುತ್ತಿದ್ದ ಹುಡುಗನ ಮೇಲೆ ಈಟಿ ಎಸೆಯುತ್ತಾನೆ. ರಾಜ್ಯವೊಂದು ಹಾಳಾದ ಆ ಕಥೆಯ ಬುಡದಲ್ಲಿ ಒಂದು ಹಾಡಿದೆ ಎಂದು ಅಂದಿನವರೆಗೆ ನಾನು ಗಮನಿಸಿರಲಿಲ್ಲ. ಸೌಲನಿಂದ ಯಾರೂ ಏನನ್ನೂ ಕಿತ್ತುಕೊಂಡಿರಲಿಲ್ಲ. ಅವನ ಸಾವಿರ ಸಾವಿರವಾಗಿಯೇ ಇತ್ತು. ಪಕ್ಕದವನ ಹತ್ತು ಸಾವಿರವನ್ನು ನೋಡಿದ ಮೇಲೆ ಅದು ಅವನಿಗೆ ಸೊನ್ನೆಯಾಗಿ ಕಂಡಿತು.

ಗುರುತು ಹಿಡಿದರೆ ಅರ್ಧ ಗೆದ್ದಂತೆ ಎಂದು ಹೇಳುವವರಿದ್ದಾರೆ. ನನ್ನ ಅನುಭವ ಹಾಗಿಲ್ಲ. ಗುರುತು ಹಿಡಿದ ಮೇಲೆ ಅದು ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿತು. ಮುಂಚೆ ಅದಿತ್ತು, ಆದರೆ ನನಗೆ ನೋವಿರಲಿಲ್ಲ. ಈಗ ಅವಳ ಸ್ವರ ಎತ್ತರಕ್ಕೆ ಹೋದಾಗಲೆಲ್ಲ ಎದೆಯಲ್ಲಿ ಏನೋ ಹಿಂಡುವುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಅಳು ಬರುತ್ತಿತ್ತು. ಬೇಡವೆಂದರೂ ಬರುವುದನ್ನು ನಿಲ್ಲಿಸುವುದು ಹೇಗೆ?

ಇದಕ್ಕೆ ಉತ್ತರ ಸಿಕ್ಕಿದ್ದು ಲೆಂಟ್ ದಿನಗಳ ಒಂದು ವೇದಪಾಠದಲ್ಲಿ. ಆಗಷ್ಟೇ ಬಂದಿದ್ದ ತರುಣ ಸಭಾಪಾಲಕರು ನಾಲ್ಕನೆಯ ಶತಮಾನದ ಮರುಭೂಮಿಯ ಸನ್ಯಾಸಿಗಳ ಬಗ್ಗೆ ಹೇಳಿದರು. ಇವಾಗ್ರಿಯಸ್ ಎಂಬವನೊಬ್ಬ, ಇಂದಿನ ಟರ್ಕಿಯ ಪೊಂತ ಸೀಮೆಯವನು, ಕಾನ್‌ಸ್ಟಾಂಟಿನೋಪಲಿನಲ್ಲಿ ಹೆಸರುವಾಸಿಯಾಗಿದ್ದವನು. ಎಲ್ಲ ಬಿಟ್ಟು ಈಜಿಪ್ಟಿನ ಮರುಭೂಮಿಗೆ ಹೋಗಿ, 399ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದ. ಜನರಿಂದ, ಪೇಟೆಯಿಂದ ದೂರ ಹೋದರೂ ಮನಸ್ಸಿನ ಗದ್ದಲ ಬೆನ್ನುಬಿಡದೆ ಬಂತೆಂದು ಕಂಡುಕೊಂಡು, ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ. ಯೋಚನೆ ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಬಂದದ್ದು ಅಲ್ಲೇ ತಂಗುವುದೋ ಬೇಡವೋ ಅನ್ನುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ಬೋಧನೆಯ ತಿರುಳು. ನನಗೆ ಎಷ್ಟು ಹಗುರವಾಯಿತು! ಹಿಂಡಿದ್ದು ನನ್ನ ಪಾಪವಲ್ಲ. ಹಿಂಡಿದ್ದಕ್ಕೆ ಮಣೆ ಹಾಕಿ, ಊಟ ಹಾಕಿ, ಸ್ತ್ರೀಯರ ಕೂಟಕ್ಕೆ ಕರೆದುಕೊಂಡು ಹೋದದ್ದು ನನ್ನ ಪಾಪ.

ಇವಾಗ್ರಿಯಸನ ಎಂಟರ ಪಟ್ಟಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲವಂತೆ. ಅದನ್ನು ಸೇರಿಸಿದ್ದು ಸುಮಾರು ಇನ್ನೂರು ವರ್ಷಗಳ ನಂತರ ಪೋಪ್ ಒಂದನೆಯ ಗ್ರೆಗರಿ. ಒಬ್ಬನೇ ಗುಡಿಸಲಲ್ಲಿ ಕೂತವನಿಗಿಂತ, ನೂರು ಜನರನ್ನು ಒಟ್ಟಿಗೆ ಇಟ್ಟುಕೊಂಡು ಸಭೆ ನಡೆಸಿದವನಿಗೆ ಅದು ಹೆಚ್ಚು ಕಂಡಿರಬೇಕು ಎಂದು ನನ್ನ ಊಹೆ. ನಮ್ಮ ಕನ್ನಡ ಶಾಲೆಯ ಪಂಡಿತರು ಅರಿಷಡ್ವರ್ಗ ಬಾಯಿಪಾಠ ಮಾಡಿಸುವಾಗ ಕೊನೆಯಲ್ಲಿ ಮಾತ್ಸರ್ಯ ಬರುತ್ತಿತ್ತು. ಈ ನೆಲದ ಹಿರಿಯರಿಗೂ ಅದರ ಪರಿಚಯ ಚೆನ್ನಾಗಿಯೇ ಇತ್ತು.

ಇವಾಗ್ರಿಯಸ್ ಇನ್ನೊಂದು ಕೆಲಸ ಮಾಡಿದ್ದ. ಅಡವಿಯಲ್ಲಿ ಸೈತಾನ ಶೋಧಿಸಿದಾಗ ಯೇಸು ಪ್ರತಿ ಸಲವೂ ವೇದದ ಮಾತಿನಿಂದಲೇ ಉತ್ತರ ಕೊಟ್ಟನಲ್ಲ, ಅದನ್ನೇ ಮಾದರಿ ಮಾಡಿಕೊಂಡು ಒಂದೊಂದು ಬಗೆಯ ಯೋಚನೆಗೂ ತಿರುಗಿಸಿ ಹೇಳಬೇಕಾದ ಸುಮಾರು 500 ವೇದವಾಕ್ಯಗಳನ್ನು ಒಟ್ಟುಮಾಡಿದ. ನಾನು ನನ್ನ ಪಾಡಿಗೆ ಒಂದು ನೋಟುಪುಸ್ತಕದಲ್ಲಿ ಹಾಗೆ ಬರೆದಿಟ್ಟುಕೊಂಡೆ. ಪ್ರೀತಿ ಹೊಟ್ಟೆಕಿಚ್ಚುಪಡುವುದಿಲ್ಲ ಎಂದು ಪೌಲ ಕೊರಿಂಥದವರಿಗೆ ಬರೆದ ಭಾಗ, ಸಂತೋಷಪಡುವವರ ಸಂಗಡ ಸಂತೋಷಪಡಿರಿ ಎಂದು ರೋಮಾಪುರದವರಿಗೆ ಬರೆದ ಭಾಗ, ಹಿರಿಯ ಮಗ ಮನೆಯೊಳಗಿನ ಗಾನದ ಸದ್ದು ಕೇಳಿ ಒಳಗೆ ಬರಲಾರದೆ ನಿಂತ ಲೂಕನ ಕಥೆ. ಅಭ್ಯಾಸಕ್ಕೆ ಹೋಗುವ ಮುಂಚೆ ಓದುತ್ತಿದ್ದೆ. ಕೆಲವು ದಿನ ಸಹಾಯವಾಗುತ್ತಿತ್ತು, ಕೆಲವು ದಿನ ಆಗುತ್ತಿರಲಿಲ್ಲ.

ನಿಜವಾದ ಸಹಾಯ ಬೇರೆ ಎರಡು ಕಡೆಯಿಂದ ಬಂತು. ಒಂದು, ಅವಳ ಹೆಸರು ಹೇಳಿ, ಅವಳಿಗೆ ಬೇಕಾದದ್ದನ್ನು ಬೇಡಲು ಶುರುಮಾಡಿದ್ದು. ಬೇಡಬೇಕಾದರೆ ಅವಳಿಗೆ ಏನು ಬೇಕೆಂದು ಗೊತ್ತಿರಬೇಕಲ್ಲ. ಹಾಗಾಗಿ ಅವಳ ಮನೆಗೆ ಹೋದೆ. ಅತ್ತೆಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಬುಧವಾರ ಸಂಜೆ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅವರಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಮೈ ಒರೆಸಿ ಅಭ್ಯಾಸಕ್ಕೆ ಓಡಿಬರುತ್ತಿದ್ದಳು. ಅದಕ್ಕೇ ತಡ. ಮುದುಕಿಯ ಪಕ್ಕ ಕೂತು ಅವಳು ಮೆಲ್ಲನೆ ಹಾಡುತ್ತಾಳೆಂದು ಮಾವ ಹೇಳಿದರು. ನಾನು ಸಭೆಯಲ್ಲಿ ಕೇಳಿದ ಆ ಸ್ವರ ದಿನವೂ ಪಳಗುತ್ತಿದ್ದದ್ದು ಅಲ್ಲಿ. ಆಮೇಲೆ ಬುಧವಾರಗಳಲ್ಲಿ ನಾವು ಕೆಲವರು ಸರದಿಯಂತೆ ಆ ಮನೆಗೆ ಹೋಗತೊಡಗಿದೆವು. ಸ್ತ್ರೀಯರ ಕೂಟದಲ್ಲಿ ನಾನು ಹಿಂದೆ ಆಡಿದ ಮಾತನ್ನು ಅದೇ ಕೂಟದಲ್ಲಿ, ಅದೇ ಜನರ ಎದುರು ಹಿಂದಕ್ಕೆ ತೆಗೆದುಕೊಂಡೆ. ಒಬ್ಬರ ಬಳಿ ಗುಟ್ಟಾಗಿ ಹೇಳಿದರೆ ಸಾಲದು ಎಂದು ಅನ್ನಿಸಿತ್ತು.

ಎರಡನೆಯದು, ಆ ನರ್ಸ್ ಗೆಳತಿ. ನಮ್ಮ ನೆರೆಮನೆಯ ಕಥೋಲಿಕ ಮಾಮಿ ಕುಮ್ಸಾರಿಗೆ, ಅಂದರೆ ಗುರುಗಳ ಬಳಿ ಪಾಪ ಅರಿಕೆ ಮಾಡಿಕೊಳ್ಳಲು, ಹೋಗಿ ಬಂದ ದಿನ ಮುಖ ತೊಳೆದವರ ಹಾಗೆ ಕಾಣುತ್ತಿದ್ದರು. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ನಿಂತು ಪಾಪ ಅರಿಕೆ ಮಾಡುತ್ತೇವೆ. ಒಟ್ಟಿಗೆ ಹೇಳುವುದರಲ್ಲಿ ನನ್ನದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ದೇವರಿಗೆ ಗೊತ್ತು, ನಿಜ. ಆದರೆ ಒಬ್ಬರಿಗೊಬ್ಬರು ಅರಿಕೆ ಮಾಡಿಕೊಂಡು ಒಬ್ಬರಿಗಾಗಿ ಒಬ್ಬರು ಬೇಡಿರಿ ಎಂದು ಯಾಕೋಬ ತನ್ನ ಪತ್ರದಲ್ಲಿ ಬರೆದದ್ದು ಸುಮ್ಮನೆ ಅಲ್ಲ. ಒಳಗಿದ್ದಾಗ ದೊಡ್ಡ ನ್ಯಾಯದ ಹಾಗೆ ಕಾಣುತ್ತಿದ್ದದ್ದು, "ಅವಳು ಹಾಡುವಾಗ ನನಗೆ ಸಹಿಸಲಾಗುವುದಿಲ್ಲ" ಎಂದು ಆ ಗೆಳತಿಯ ಎದುರು ಬಾಯಿಬಿಟ್ಟು ಹೇಳಿದ ಕೂಡಲೇ ಎಷ್ಟು ಚಿಕ್ಕದಾಯಿತು! ಗೆಳತಿ ಬೆಚ್ಚಲಿಲ್ಲ, ಬುದ್ಧಿವಾದ ಹೇಳಲಿಲ್ಲ. ತನಗೂ ಒಂದು ಇದೆ ಎಂದಳು. ತವರಿನ ಆಸ್ತಿ ಪಾಲಾದ ಮೇಲೆ ಅಣ್ಣನ ಮೇಲೆ ಉಳಿದುಕೊಂಡ ಕಹಿ. ಅಂದಿನಿಂದ ನಾವಿಬ್ಬರೂ ಕರ್ತನ ಭೋಜನದ ಹಿಂದಿನ ಸಂಜೆ ಫೋನಿನಲ್ಲಾದರೂ ಮಾತಾಡುತ್ತೇವೆ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಬರೆಯಲೇಬೇಕು. ನಮ್ಮ ಭಕ್ತಿಪಂಥದ ಬಳುವಳಿಯಲ್ಲಿ ಒಂದು ಅಪಾಯವಿದೆ. ಹೃದಯವನ್ನು ಶೋಧಿಸಿಕೊಳ್ಳುತ್ತ ಶೋಧಿಸಿಕೊಳ್ಳುತ್ತ ಕೆಲವರು ಅಲ್ಲೇ ಸಿಕ್ಕಿಬೀಳುತ್ತಾರೆ. ನನ್ನ ದೊಡ್ಡಮ್ಮ ಹಾಗಿದ್ದರು. ಯಾವ ಪಾಪ ಉಳಿದಿದೆಯೋ ಎಂಬ ಭಯದಿಂದ ಕರ್ತನ ಭೋಜನಕ್ಕೇ ಹೋಗದೆ ಹಿಂದಿನ ಬೆಂಚಿನಲ್ಲಿ ಕೂತು ಅಳುತ್ತಿದ್ದರು. ಅಜ್ಜಿ ಅವರ ಪಕ್ಕ ಕೂತು, "ನಿನ್ನ ಹೃದಯ ನಿನ್ನನ್ನು ಬಯ್ದರೆ ಬಯ್ಯಲಿ ಮಗಾ, ದೇವರು ಅದಕ್ಕಿಂತ ದೊಡ್ಡವನು ಅಂತ ಯೋಹಾನ ಬರೆದಿಟ್ಟಿದ್ದಾನೆ. ಎದ್ದು ಬಾ" ಎಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದದ್ದು ನನಗೆ ನೆನಪಿದೆ. ಹೃದಯದ ಪುಸ್ತಕದಲ್ಲೂ ಪ್ರಾಣಿಗಳು ಓಡುವುದು ಆ ಮನುಷ್ಯ ಅವುಗಳನ್ನು ಎಣಿಸಿದ್ದರಿಂದ ಅಲ್ಲ, ಬೆಳಕು ಒಳಗೆ ಬಂದದ್ದರಿಂದ. ಶೋಧನೆ ಮಾಡಿಕೊಳ್ಳುವ ಹೊತ್ತಿಗಿಂತ ಶಿಲುಬೆಯ ಕಡೆ ನೋಡುವ ಹೊತ್ತು ಹೆಚ್ಚಿರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇಲ್ಲದಿದ್ದರೆ ದೀನತೆಯ ಹೆಸರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಮ್ಮನ್ನೇ ನಾವು ನೋಡಿಕೊಂಡಿರುತ್ತೇವೆ.

ಧಾರವಾಡದ ಆ ಹುಡುಗಿ ಈಗ ನಮ್ಮ ಗಾಯನ ಮಂಡಳಿಯನ್ನು ನಡೆಸುತ್ತಾಳೆ. ನಾನು ಕೆಳದನಿಯ ಆಲ್ಟೊ ಸಾಲಿಗೆ ಇಳಿದು ಬಹಳ ಕಾಲವಾಯಿತು. ಆ ಸಾಲು ರಾಗವನ್ನು ಹೊತ್ತು ನಿಲ್ಲುವ ಬಗೆಯನ್ನು ಈಗ ಪ್ರೀತಿಸುತ್ತೇನೆ. ಕಳೆದ ವರ್ಷ ಕ್ರಿಸ್ಮಸ್ ಹತ್ತಿರ ಬಂದಾಗ ಅವಳು ಮನೆಗೆ ಬಂದು, "ಅಕ್ಕಾರ, ನನ್ನ ಮಗಳಿಗೆ ಆ ಚರಣ ನೀವ ಕಲಿಸ್ರಿ. ನಿಮ್ಮ ಕಡಿಂದ ಕಲ್ತರ ಚಲೋ" ಎಂದಳು. ಹುಡುಗಿ ನಿಂತು ಒಂದು ಸಾಲು ಹಾಡಿದಳು. ತಾಯಿಗಿಂತ ಒಂದು ಕೈ ಮೇಲು. ಎದೆಯಲ್ಲಿ ಅದೇ ಹಳೆಯ ಹಿಂಡು ಕ್ಷಣಹೊತ್ತು ಬಂತು. ಅದು ಈ ವಯಸ್ಸಿನಲ್ಲೂ ಬರುತ್ತದೆ. ಅದರ ಮುಖ ಈಗ ನನಗೆ ಚೆನ್ನಾಗಿ ಗೊತ್ತು.

ಆ ಸಂಜೆಯೇ ಗೆಳತಿಗೆ ಫೋನ್ ಮಾಡಿ, "ಇವತ್ತು ಪುನಃ ಬಂದಿತ್ತು" ಎಂದೆ.

"ಯಾರು ಹಾಡಿದ್ದು?"

"ಅವಳ ಮಗಳು."

"ಚೆನ್ನಾಗಿ ಹಾಡ್ತಾಳಾ?"

"ಬಹಳ ಚೆನ್ನಾಗಿ ಹಾಡ್ತಾಳೆ."

"ಹಾಗಾದ್ರೆ ನಾಳೆ ಎಷ್ಟು ಗಂಟೆಗೆ ಕಲಿಸ್ಲಿಕ್ಕೆ ಹೋಗ್ತಿ? ನಾನೂ ಬರ್ತೇನೆ, ಕೇಳ್ಬೇಕು" ಎಂದಳು.